ಬೆಳ್ಳಿ ಬಟ್ಟಲು, 47 ಜೊತೆ ಪಾದರಕ್ಷೆ

ಕೇಳುಗರೇ, ನಮಸ್ಕಾರ. ಹಳೆಯ ಕಾಲದ ಚರ್ಚುಗಳ ಬೆಳ್ಳಿ ಬಂಗಾರದ ಕಥೆಯನ್ನು ಇವತ್ತು ಒಂದು ಜಪ್ತಿಯಿಂದ ಶುರು ಮಾಡುತ್ತೇನೆ.

ಕ್ರಿ.ಶ. 303, ಮೇ 19. ಊರು ಉತ್ತರ ಆಫ್ರಿಕಾದ ಸಿರ್ಟಾ, ಈಗಿನ ಅಲ್ಜೀರಿಯಾದಲ್ಲಿದೆ. ಕ್ರೈಸ್ತರ ಗ್ರಂಥಗಳನ್ನು ಸುಡಬೇಕೆಂದು ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಆಜ್ಞೆ ಮಾಡಿದ್ದ. ಕ್ರೈಸ್ತರು ಸೇರುತ್ತಿದ್ದ ಮನೆಗೆ ಅಧಿಕಾರಿಗಳು ನುಗ್ಗಿದರು. ಸಿಕ್ಕಿದ್ದನ್ನೆಲ್ಲ ಒಂದೊಂದಾಗಿ ಬರೆಸಿದರು. ಚಿನ್ನದ ಬಟ್ಟಲು 2, ಬೆಳ್ಳಿ ಬಟ್ಟಲು 6, ಬೆಳ್ಳಿ ಹೂಜಿ 6, ಬೆಳ್ಳಿ ದೀಪ 7. ಸಾಲದ್ದಕ್ಕೆ ಒಂದು ಬೆಳ್ಳಿ ಪೆಟ್ಟಿಗೆ, ಒಂದು ಬೆಳ್ಳಿ ದೀಪ ಗುಡಾಣದ ಹಿಂದಿನಿಂದ ಹೊರಬಂದವು. ಯಾರೋ ಬಚ್ಚಿಟ್ಟಿದ್ದರೇನೋ, ಪಾಪ.

ಅದೇ ಪಟ್ಟಿಯಲ್ಲಿ ಹೆಂಗಸರ ಅಂಗಿ 82 ಇವೆ. ಗಂಡಸರ ಅಂಗಿ 16. ಹೆಂಗಸರ ಪಾದರಕ್ಷೆ 47 ಜೊತೆ! ಪೂಜೆಗೆ ಇಷ್ಟೊಂದು ಪಾದರಕ್ಷೆ ಯಾಕೆ ಬೇಕು? ಇಲ್ಲದವರಿಗೆ ಕೊಡಲು ಕೂಡಿಟ್ಟವೇ ಇರಬೇಕು. ಬೆಳ್ಳಿ ಬಟ್ಟಲೂ ಬಡವರ ಚಪ್ಪಲಿಯೂ ಒಂದೇ ಮನೆಯಲ್ಲಿದ್ದವು. ನನ್ನ ಮನಸ್ಸು ಹಿಡಿದದ್ದು ಇದೇ.

ಸ್ವಲ್ಪ ವರ್ಷಗಳಲ್ಲೇ ಕಾಲ ತಿರುಗಿತು. ಚಕ್ರವರ್ತಿ ಕಾನ್‌ಸ್ಟಂಟೈನ್ ತಾನೇ ಚರ್ಚುಗಳಿಗೆ ಬೆಳ್ಳಿ ಬಂಗಾರ ಸುರಿದ. ರೋಮ್‌ನ ಲ್ಯಾಟರನ್ ಚರ್ಚಿನ ದೀಕ್ಷಾಸ್ನಾನದ ಕೊಳಕ್ಕೆ ಅವನು ಕೊಟ್ಟದ್ದರ ಲೆಕ್ಕ ಪೋಪರ ಹಳೆಯ ಚರಿತ್ರೆಯಲ್ಲಿದೆ. ನೀರು ಸುರಿಸುವ ಚಿನ್ನದ ಕುರಿಮರಿ, ತೂಕ 30 ಪೌಂಡ್. ಜೊತೆಗೆ ತಲಾ 80 ಪೌಂಡಿನ 7 ಬೆಳ್ಳಿ ಜಿಂಕೆಗಳು. ನೀರಿಗೆ ಹಾತೊರೆಯುವ ಜಿಂಕೆಯ ಮಾತು ಬೈಬಲಿನ ಕೀರ್ತನೆಗಳಲ್ಲಿ ಬರುತ್ತದೆ ಅಲ್ವಾ, ಅದು ಅಲ್ಲಿ ಬೆಳ್ಳಿಯಲ್ಲಿ ನಿಂತಿತ್ತು. ನೋಡಿದವರ ಕಣ್ಣು ತುಂಬಿರಬೇಕು.

ಆದರೆ ಆ ಚಪ್ಪಲಿಗಳ ನೆನಪು ಅಳಿಯಲಿಲ್ಲ. 378ರಲ್ಲಿ ಏಡ್ರಿಯನೋಪಲ್ ಯುದ್ಧದಲ್ಲಿ ರೋಮನ್ನರು ಸೋತರು. ಗೆದ್ದ ಗಾಥರೆಂಬ ಬುಡಕಟ್ಟಿನವರು ಎಷ್ಟೋ ಜನರನ್ನು ಸೆರೆ ಒಯ್ದರು. ಮಿಲಾನ್‌ನ ಬಿಷಪ್ ಆಂಬ್ರೋಸ್ ಪೂಜೆಯ ಪಾತ್ರೆಗಳನ್ನೇ ಕರಗಿಸಿ, ಆ ಹಣದಿಂದ ಸೆರೆಯಾಳುಗಳನ್ನು ಬಿಡಿಸಿದರು. ವಿರೋಧಿಗಳು ತಪ್ಪು ಹುಡುಕಿದರು. ಚರ್ಚಿಗೆ ಚಿನ್ನ ಇರುವುದು ಕೂಡಿಡಲಿಕ್ಕಲ್ಲ, ಕಷ್ಟದಲ್ಲಿರುವವರಿಗೆ ಕೊಡಲಿಕ್ಕೆ ಎಂದು ಆಂಬ್ರೋಸ್ ಬರೆದರು.

ಹಾಗಂತ ಆ ಬಟ್ಟಲುಗಳು ಅವರಿಗೆ ಸುಮ್ನೆ ಲೋಹದ ತುಂಡುಗಳಾಗಿರಲಿಲ್ಲ. ಮೊದಲು ಪೂಜೆಗೆ ಇನ್ನೂ ಬಳಸದ ಪಾತ್ರೆಗಳನ್ನು ತೆಗೆಯಬೇಕು ಎಂದರು. ಅದೂ ಸಾಲದೆ ಪೂಜೆಯ ಬಟ್ಟಲಿಗೇ ಕೈ ಹಾಕಬೇಕಾದರೆ, ಒಡೆದು ಕರಗಿಸಿಯೇ ಕೊಡಬೇಕು. ಬಟ್ಟಲು ಬಟ್ಟಲಾಗಿಯೇ ಚರ್ಚಿನ ಹೊಸ್ತಿಲು ದಾಟಬಾರದು. ನಾಳೆ ಅದು ಯಾರ ಕುಡಿತದ ಮೇಜಿಗೆ ಹೋಗುತ್ತದೋ ಎಂಬ ಅಳುಕು ಅವರಿಗೆ.