ಸಣ್ಣ ಜಮೀನಿಗೆ ಎಷ್ಟು ದೊಡ್ಡ ಟ್ರ್ಯಾಕ್ಟರ್?

ಕೇಳುಗರೆಲ್ಲರಿಗೂ ನಮಸ್ಕಾರ. ಎರಡು ಮೂರು ಎಕರೆ ಜಮೀನಿಗೆ ಟ್ರ್ಯಾಕ್ಟರ್ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಎಷ್ಟು ಎಚ್.ಪಿ. ಎಂಬುದನ್ನು. ಅದಕ್ಕೂ ಮೊದಲು, ಅದರ ಹಿಂದೆ ಯಾವ ಉಪಕರಣವನ್ನು ಕಟ್ಟುತ್ತೇವೆ ಎಂಬುದು ತೀರ್ಮಾನವಾಗಬೇಕು ಎಂಬುದು ನನ್ನ ಅಭಿಪ್ರಾಯ.

ತಿರುಗುವ ಅಲಗುಗಳಿಂದ ಮಣ್ಣನ್ನು ಸಡಿಲಿಸುವ ರೋಟವೇಟರನ್ನೇ ತೆಗೆದುಕೊಳ್ಳೋಣ, ಸಣ್ಣ ಜಮೀನಿನಲ್ಲಿ ಎಂಜಿನ್ನಿಗೆ ಹೆಚ್ಚು ಭಾರವಾಗುವ ಕೆಲಸ ಬಹುಮಟ್ಟಿಗೆ ಅದರದೇ. ಅದನ್ನು ತಿರುಗಿಸುವ ಪಿ.ಟಿ.ಒ. ದಂಡದ, ಅಂದರೆ ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಒಯ್ಯುವ ಹಿಂಬದಿಯ ದಂಡದ, ರೂಢಿಯ ವೇಗ ನಿಮಿಷಕ್ಕೆ 540 ಸುತ್ತು. ಎಂಜಿನ್ನಿನ ಶಕ್ತಿಯೆಲ್ಲ ಆ ದಂಡವನ್ನು ತಲುಪುವುದಿಲ್ಲ. ಗೇರುಗಳಲ್ಲಿ, ಹೈಡ್ರಾಲಿಕ್ ಪಂಪಿನಲ್ಲಿ ಒಂದಷ್ಟು ಕಳೆದುಹೋಗಿ, 30 ಎಚ್.ಪಿ.ಯ ಟ್ರ್ಯಾಕ್ಟರಿನಿಂದ ಉಪಕರಣಕ್ಕೆ ಸಿಗುವುದು ಸುಮಾರು 25 ಎಚ್.ಪಿ. ಮಾತ್ರ. ಆದ್ದರಿಂದ ಬಾನೆಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದ ಅಂಕಿಗೆ ಮರುಳಾಗದೆ, ಪಿ.ಟಿ.ಒ. ಅಂಕಿಯನ್ನು ಕೇಳಿ ತಿಳಿಯಬೇಕು. ರೋಟವೇಟರಿನ ಅಗಲವೂ ಹಿಂದಿನ ಎರಡು ಚಕ್ರಗಳ ಹೊರ ಅಂಚನ್ನು ಮುಚ್ಚುವಷ್ಟಿರಬೇಕು, ಇಲ್ಲದಿದ್ದರೆ ಚಕ್ರ ತುಳಿದ ಪಟ್ಟಿ ಗಟ್ಟಿಯಾಗಿಯೇ ಉಳಿಯುತ್ತದೆ. ಟ್ರ್ಯಾಕ್ಟರ್ ಅಗಲವಾದಷ್ಟೂ ರೋಟವೇಟರ್ ಅಗಲವಾಗಬೇಕು, ಅದು ಅಗಲವಾದಷ್ಟೂ ಇನ್ನಷ್ಟು ಶಕ್ತಿ ಬೇಕು. ಹೀಗೆ ಖರ್ಚು ಬೆಳೆಯುತ್ತಲೇ ಹೋಗುತ್ತದೆ.

ದೊಡ್ಡದಾದರೆ ಕೆಲಸ ಬೇಗ ಮುಗಿಯುತ್ತದಲ್ಲವೇ ಎಂದು ನೀವು ಕೇಳಬಹುದು. ಲೆಕ್ಕ ಹಾಕೋಣ. ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ತಡೆಯಿಲ್ಲದೆ ಸಾಗಿದರೆ 1.2 ಮೀಟರ್ ಅಗಲದ ರೋಟವೇಟರ್ ಗಂಟೆಗೆ 3,600 ಚದರ ಮೀಟರ್ ಮಣ್ಣು ಸಡಿಲಿಸುತ್ತದೆ, 1.5 ಮೀಟರಿನದು 4,500 ಚದರ ಮೀಟರ್. ಎಕರೆಯೆಂದರೆ ಸುಮಾರು 4,047 ಚದರ ಮೀಟರ್. ಅಂದರೆ ದೊಡ್ಡದರಿಂದ ಎಕರೆಗೆ ಉಳಿಯುವುದು ಕಾಲು ಗಂಟೆಗಿಂತ ಕಡಿಮೆ. ಚಿಕ್ಕ ತಾಕುಗಳಲ್ಲಿ ಅಗಲವಾಗಿ ತಿರುಗುವ ಯಂತ್ರ ಆ ಉಳಿತಾಯವನ್ನೂ ಬದುಗಳ ಬಳಿ ಕಳೆದುಬಿಡುತ್ತದೆ.

ತೂಕದ ಮಾತು ಇನ್ನಷ್ಟು ಸೂಕ್ಷ್ಮ. ನೇಗಿಲೆಳೆಯಲು ತೂಕ ಬೇಕೇ ಬೇಕು. ತೀರ ಹಗುರವಾದರೆ ಚಕ್ರ ನಿಂತಲ್ಲೇ ಸುತ್ತಿ ಡೀಸೆಲ್ ಸುಡುತ್ತದೆ. ಆದರೆ ಭಾರದ ಯಂತ್ರ ಒದ್ದೆ ನೆಲದ ಮೇಲೆ ಓಡಾಡಿದರೆ ಕೆಳಗಿನ ಮಣ್ಣು ಬಿಗಿದು, ಬೇರು ಇಳಿಯದ, ನೀರು ಇಂಗದ ಪದರವಾಗುತ್ತದೆ. ಮೇಲಿನ ಉಳುಮೆ ಅಷ್ಟು ಆಳಕ್ಕೆ ಮುಟ್ಟುವುದೂ ಇಲ್ಲ. ಚಿಕ್ಕದನ್ನು ಕೊಂಡು, ಉಳುಮೆಯ ದಿನಗಳಲ್ಲಿ ಮಾತ್ರ ಚಕ್ರಗಳಿಗೆ ಹೆಚ್ಚುವರಿ ತೂಕದ ಬಿಲ್ಲೆಗಳನ್ನು ಹಾಕಿಕೊಳ್ಳುವುದೇ ನನಗೆ ಒಳ್ಳೆಯದಾಗಿ ಕಾಣುತ್ತದೆ.

ಎತ್ತುವ ಸಾಮರ್ಥ್ಯವನ್ನು ನೋಡುವಾಗಲೂ ಎಚ್ಚರ ಬೇಕು. ಹೈಡ್ರಾಲಿಕ್ ತೋಳಿನ ತುದಿಯಲ್ಲಿ ಎತ್ತಬಲ್ಲಷ್ಟು ಭಾರವನ್ನು, ಆ ಭಾರ ತೋಳಿನ ತುದಿಯಿಂದ ಇನ್ನೂ ಹಿಂದಕ್ಕೆ ಚಾಚಿಕೊಂಡಿದ್ದರೆ, ಟ್ರ್ಯಾಕ್ಟರ್ ಎತ್ತಲಾರದು, ಎತ್ತಿದರೂ ಮುಂದಿನ ಚಕ್ರಗಳು ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಮುಂದೆ ಮಣ್ಣು, ಗೊಬ್ಬರ ಎತ್ತುವ ಲೋಡರ್ ಇದ್ದರೆ ಹಿಂದೆ ಸಮತೂಕ ಬೇಕು. ಇಳಿಜಾರು ಜಮೀನಿಗೆ ಅಗಲವಾಗಿ ಕೂರುವ ಚಕ್ರಗಳು, ಮಗುಚಿದರೆ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟು ಮತ್ತು ಸೀಟ್ ಬೆಲ್ಟ್ ಇರಲೇಬೇಕು.

ಹಣ ಕೊಡುವ ಮುನ್ನ ಯಂತ್ರವನ್ನು ಉಪಕರಣದ ಸಮೇತ ನಿಮ್ಮ ಜಮೀನಿಗೇ ತರಿಸಿ, ಅತ್ಯಂತ ಇಕ್ಕಟ್ಟಾದ ಮೂಲೆಯಲ್ಲಿ ತಿರುಗಿಸಿ ನೋಡಿ, ಬಳಿಕ ಕೊಟ್ಟಿಗೆಯ ಬಾಗಿಲಿನ ಎತ್ತರವನ್ನೂ ಅಳೆಯಿರಿ. ನಮಸ್ಕಾರ.