ಯಾವ ಕೆಲಸ ನಮ್ಮನ್ನು ಕರೆಯುತ್ತದೆ?

ನಮಸ್ಕಾರ. ಪದವಿಯ ಕೊನೆಯ ವರ್ಷಕ್ಕೆ ಬಂದ ವಿದ್ಯಾರ್ಥಿಯನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಮುಂದೇನು?" ಯಾವುದೋ ಪರೀಕ್ಷೆಯ ಹೆಸರನ್ನೋ ಹುದ್ದೆಯ ಹೆಸರನ್ನೋ ಹೇಳಿ ಇದರಿಂದ ಪಾರಾಗಬಹುದು, ಆದರೆ ಅದರೊಳಗೆ ಅಡಗಿರುವ ಇನ್ನೊಂದು ಪ್ರಶ್ನೆ, ಅಂದರೆ ನನ್ನ ಆಯುಷ್ಯದ ಬಹುಪಾಲನ್ನು ಯಾವ ಕೆಲಸಕ್ಕೆ ಮನಸಾರೆ ಕೊಡಬಲ್ಲೆ ಎಂಬುದು, ಹಾಗೆಯೇ ಉಳಿದುಬಿಡುತ್ತದೆ. ಅದನ್ನು ವಿದ್ಯಾರ್ಥಿಗಳು ತಾವೇ ಶೋಧಿಸಿಕೊಳ್ಳುವಂತೆ ಅಧ್ಯಾಪಕರು ಹೇಗೆ ನೆರವಾಗಬಹುದು ಎಂಬುದನ್ನು ಇಂದು ನೋಡೋಣ.

ಕೆಲಸ, ಕಸುಬು, ವೃತ್ತಿ, ಕಾಯಕ ಎಂಬ ಪದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಇಂಗ್ಲಿಷಿನ 'ವೊಕೇಶನ್' ಪದ ಹುಟ್ಟಿದ್ದು 'ಕರೆ' ಎಂಬ ಅರ್ಥದ ಲ್ಯಾಟಿನ್ ಮೂಲದಿಂದ. ಬಹುಕಾಲ ಸನ್ಯಾಸಿಗಳಿಗೂ ಪಾದ್ರಿಗಳಿಗೂ ಮೀಸಲಾಗಿದ್ದ ಈ ಕಲ್ಪನೆಯನ್ನು 16ನೆಯ ಶತಮಾನದಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ದಿನನಿತ್ಯದ ದುಡಿಮೆಗೂ ವಿಸ್ತರಿಸಿದರು. 1908ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಯುವಜನರಿಗಾಗಿ ವೃತ್ತಿ ಸಲಹಾ ಕಚೇರಿಯನ್ನು ತೆರೆದ ಫ್ರಾಂಕ್ ಪಾರ್ಸನ್ಸ್, ತನ್ನನ್ನು ಅರಿಯುವುದು, ಕೆಲಸವನ್ನು ಅರಿಯುವುದು, ಎರಡನ್ನೂ ಕೂಡಿಸಿ ವಿವೇಚಿಸುವುದು ಎಂಬ ದಾರಿಯನ್ನು ತೋರಿಸಿದರು. ಇಂದಿಗೂ ಕಾಲೇಜುಗಳಲ್ಲಿ ಕೊರತೆ ಕಾಣುವುದು ಎರಡನೆಯದರಲ್ಲಿ ಎಂದು ನನ್ನ ಅನಿಸಿಕೆ.

1997ರಲ್ಲಿ ಮನೋವಿಜ್ಞಾನಿ ಏಮಿ ರೆಜ್ನೆಸ್ಕಿ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಬಹಳ ಮುಖ್ಯ. ಜನರು ತಮ್ಮ ದುಡಿಮೆಯನ್ನು ಸಂಬಳದ ಕೆಲಸವಾಗಿ, ಮೇಲೇರುವ ವೃತ್ತಿಯಾಗಿ ಅಥವಾ ಒಳಗಿನ ಕರೆಯಾಗಿ ಕಾಣುತ್ತಾರೆ ಎಂದು ಅವರು ಗುರುತಿಸಿದರು. ಅಚ್ಚರಿಯೆಂದರೆ, ಒಂದೇ ಬಗೆಯ ಕಚೇರಿ ಕೆಲಸ ಮಾಡುತ್ತಿದ್ದ 24 ಸಹಾಯಕರು ಈ ಮೂರು ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದ್ದರು. ಮುಂದೆ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯನ್ನು ಕುರಿತು ಅಧ್ಯಯನ ನಡೆದಾಗ, ಪ್ರಜ್ಞೆ ಇಲ್ಲದ ರೋಗಿಗಳಿದ್ದ ವಾರ್ಡಿನಲ್ಲಿ ಗೋಡೆಯ ಚಿತ್ರಗಳನ್ನು ಆಗಾಗ ಬದಲಿಸಿ ಇಡುತ್ತಿದ್ದ ಸಿಬ್ಬಂದಿಯೊಬ್ಬರು ಸಿಕ್ಕರು. ಆ ಕೆಲಸವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹಾಗಾದರೆ ಕರೆ ಎಂಬುದು ಹುದ್ದೆಯ ಹೆಸರಿನಲ್ಲಿ ಬರೆದಿಟ್ಟ ಗುಣವಲ್ಲ.

ಇನ್ನು, "ನಿನ್ನ ಒಲವನ್ನು ಕಂಡುಕೋ" ಎಂಬ ಮಾತು. ಸದುದ್ದೇಶದಿಂದಲೇ ಹೇಳುವ ಈ ಮಾತು ಎಷ್ಟೋ ಮಕ್ಕಳನ್ನು ಕಂಗೆಡಿಸಿದೆ. ಒಲವು ಮೊದಲೇ ಸಿದ್ಧವಾಗಿ ಒಳಗೆಲ್ಲೋ ಕುಳಿತಿದೆ ಎಂದು ನಂಬಿದವರಿಗೆ ಏನಾಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಪಾಲ್ ಓಕೀಫ್, ಕ್ಯಾರಲ್ ಡ್ವೆಕ್ ಮತ್ತು ಗ್ರೆಗರಿ ವಾಲ್ಟನ್ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪರೀಕ್ಷಿಸಿದರು. ಕಪ್ಪುಕುಳಿಗಳ ಬಗ್ಗೆ ಸರಳವಾದ ವಿಡಿಯೋ ನೋಡಿ ಕುತೂಹಲಗೊಂಡ ವಿದ್ಯಾರ್ಥಿಗಳಿಗೆ ಅದೇ ವಿಷಯದ ಕಠಿಣ ಲೇಖನವನ್ನು ಓದಲು ಕೊಟ್ಟಾಗ, ಆಸಕ್ತಿ ಬದಲಾಗದ್ದು ಎಂದು ನಂಬುವಂತೆ ಪ್ರೇರೇಪಿಸಲಾಗಿದ್ದವರ ಉತ್ಸಾಹ ಉಳಿದವರಿಗಿಂತ ಹೆಚ್ಚು ಕುಸಿಯಿತು. ಕಷ್ಟ ಎದುರಾದೊಡನೆ "ಇದು ನನ್ನದಲ್ಲ" ಎಂದು ಕೈಬಿಡುವ ವಿದ್ಯಾರ್ಥಿಯನ್ನು ಸೋಮಾರಿ ಎನ್ನುವ ಮೊದಲು ಈ ಫಲಿತಾಂಶವನ್ನು ನೆನೆಯಬೇಕು.

ರಸಾಯನಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ನನ್ನ ಮುಂದೆ ಕುಳಿತು, "ನನಗೆ ಯಾವುದರಲ್ಲೂ ಅಂಥ ಒಲವಿಲ್ಲ, ಮೇಡಂ" ಎಂದಳು. ಕಳೆದ ತಿಂಗಳು ಹೊತ್ತು ಹೋದದ್ದೇ ತಿಳಿಯದಂತೆ ಏನನ್ನು ಮಾಡಿದೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ದ್ರಾವಣದ ಸಾಂದ್ರತೆಯನ್ನು ಅಳೆಯುವ ಟೈಟ್ರೇಷನ್ ಪ್ರಯೋಗದಲ್ಲಿ ಗೆಳತಿಯ ಫಲಿತಾಂಶ ಮೂರು ಬಾರಿಯೂ ಬೇರೆ ಬೇರೆ ಬಂದಾಗ ಅದರ ಕಾರಣ ಹುಡುಕುತ್ತ ಊಟವನ್ನೇ ಮರೆತದ್ದನ್ನು ಹೇಳಿದಳು. ಗೆಳತಿ ಬ್ಯುರೆಟ್ಟಿನ, ಅಂದರೆ ದ್ರವವನ್ನು ಅಳೆಯುವ ಗಾಜಿನ ಕೊಳವೆಯ, ಒಂದು ಅಳತೆಯನ್ನು ಕೂತು, ಇನ್ನೊಂದನ್ನು ನಿಂತು ಓದುತ್ತಿದ್ದಳಂತೆ; ಕಣ್ಣಿನ ಮಟ್ಟ ಬದಲಾದಾಗ ಅಳತೆಯೂ ಬೇರೆಯಾಗಿ ಕಾಣುತ್ತದೆ. ಆ ಮಾತು ಹೇಳುವಾಗ ಅವಳ ಕೈ ಗಾಳಿಯಲ್ಲೇ ಬ್ಯುರೆಟ್ಟನ್ನು ಹಿಡಿದು ಕಣ್ಣಿನ ಮಟ್ಟಕ್ಕೆ ತಂದಿತ್ತು. ಅದಕ್ಕೆ ಅವಳು 'ಒಲವು' ಎಂಬ ಹೆಸರು ಕೊಟ್ಟಿರಲಿಲ್ಲ, ಅಷ್ಟೇ.

ಅಧ್ಯಾಪಕರು ಮಾಡಬೇಕಾದದ್ದು ಇಂಥ ವಿವರಗಳನ್ನು ಹೊರತೆಗೆಯುವ ಪ್ರಶ್ನೆಗಳನ್ನು ಕೇಳಿ, ನಂತರ ಆ ಕೆಲಸವನ್ನು ಹತ್ತಿರದಿಂದ ನೋಡುವ ಅವಕಾಶವನ್ನು ಒದಗಿಸುವುದು. ಸಾಧಕರ ಭಾಷಣ ಹುರುಪು ತುಂಬಬಹುದು. ಆದರೆ ಆ ವೃತ್ತಿಯ ಸಾಮಾನ್ಯ ಮಂಗಳವಾರ ಹೇಗಿರುತ್ತದೆ ಎಂಬುದನ್ನು ಅದು ತೋರಿಸುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಸಂಶೋಧಕರಾದ ಸ್ಟುವರ್ಟ್ ಬಂಡರ್ಸನ್ ಮತ್ತು ಜೆಫ್ರಿ ಥಾಂಪ್ಸನ್ ಮೃಗಾಲಯಗಳ ಪ್ರಾಣಿಪಾಲಕರನ್ನು ಕುರಿತು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸವನ್ನು ಕರೆಯೆಂದು ಭಾವಿಸಿದವರಿಗೆ ಅದರಲ್ಲಿ ಆಳವಾದ ಸಾರ್ಥಕತೆ ಇತ್ತು; ಅದರ ಜೊತೆಗೇ ಸಂಬಳವನ್ನೂ ಸ್ವಂತ ಸಮಯವನ್ನೂ ತ್ಯಾಗ ಮಾಡುವ ಮನಸ್ಸೂ ಇತ್ತು. ಈ ಮನಸ್ಸನ್ನು ದುಡಿಸಿಕೊಳ್ಳುವುದು ಸುಲಭ. ಆದ್ದರಿಂದ ಸಂಬಳ, ಕೆಲಸದ ಅವಧಿ, ಮನೆಯ ಸಾಲ ಇವುಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವ ವಿದ್ಯಾರ್ಥಿಗೆ ಆದರ್ಶವಿಲ್ಲ ಎಂದು ನಾವು ತೀರ್ಮಾನಿಸಬಾರದು.

ಆ ವಿದ್ಯಾರ್ಥಿನಿ ನೀರಿನ ಪರೀಕ್ಷೆ ನಡೆಸುವ ಪ್ರಯೋಗಾಲಯವೊಂದರಲ್ಲಿ ಎರಡು ದಿನ ಇದ್ದು ಬಂದಳು. ಗಾಜಿನ ಸಾಮಾನು ತೊಳೆಯುವುದು, ರಿಜಿಸ್ಟರ್ ತುಂಬುವುದು ಬೇಸರ ತರಿಸಿತು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಆಮೇಲೆ, ಒಂದು ಮಾದರಿಯ ಅಳತೆ ಅನುಮಾನ ಹುಟ್ಟಿಸಿದಾಗ ಅಲ್ಲಿನ ಹಿರಿಯರು ಅದನ್ನು ಮೊದಲಿನಿಂದ ಪರೀಕ್ಷಿಸಿದ ಬಗೆಯನ್ನು ಅರ್ಧ ಗಂಟೆ ವಿವರಿಸಿ, ರಜೆಯಲ್ಲಿ ಒಂದು ತಿಂಗಳು ಅಲ್ಲಿಗೆ ಹೋಗಲು ಪತ್ರ ಬರೆದುಕೊಡುವಿರಾ ಎಂದು ಕೇಳಿದಳು.