ಸಹಿಯಿಲ್ಲದ ಎಕ್ಸ್‌ಟೆನ್ಷನ್ ಹಾಕಿಕೊಳ್ಳುವ ಮುನ್ನ

ಕೇಳುಗರಿಗೆಲ್ಲ ನಮಸ್ಕಾರ.

ಬ್ರೌಸರ್‌ಗೆ ಒಂದು ಎಕ್ಸ್‌ಟೆನ್ಷನ್, ಅಂದರೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ಪ್ರೋಗ್ರಾಂ, ಹಾಕಲು ಹೊರಟಿದ್ದೀರಿ ಅಂದುಕೊಳ್ಳಿ. ಫೈಲು ನಿಮ್ಮ ಕಂಪ್ಯೂಟರ್‌ನಲ್ಲೇ ಇದೆ. ನೀವೇ ಬರೆದದ್ದೂ ಇರಬಹುದು. ಆದರೆ ಬ್ರೌಸರ್ ಒಪ್ಪುವುದಿಲ್ಲ. ಇದನ್ನು ಯಾರೂ ಪರಿಶೀಲಿಸಿಲ್ಲ, ಹಾಕಲು ಆಗುವುದಿಲ್ಲ ಅನ್ನುತ್ತದೆ. ಕೆಲವು ಸಲ ಫೈಲು ಕೆಟ್ಟಿರುವಂತಿದೆ ಎಂದೂ ಹೇಳುತ್ತದೆ. ಫೈಲಿಗೆ ಏನೂ ಆಗಿರುವುದಿಲ್ಲ, ಅದರಲ್ಲಿ ಸಹಿ ಇರುವುದಿಲ್ಲ, ಅಷ್ಟೇ.

ಈ ಸಹಿ ಏನು ಅಂತ ಮೊದಲು ನೋಡೋಣ. ಫೈರ್‌ಫಾಕ್ಸ್ ಬ್ರೌಸರ್‌ನ ಎಕ್ಸ್‌ಟೆನ್ಷನ್ ಎಂದರೆ ಒಂದು ಜಿಪ್ ಫೈಲು, ಹಲವು ಫೈಲುಗಳ ಒಂದು ಕಟ್ಟು. ಹೆಸರಿನ ಕೊನೆಯಲ್ಲಿ ಮಾತ್ರ ಎಕ್ಸ್‌ಪಿಐ ಎಂದಿರುತ್ತದೆ. ಫೈರ್‌ಫಾಕ್ಸ್ ಮಾಡುವ ಮೊಝಿಲ್ಲಾ ಸಂಸ್ಥೆ ಅದಕ್ಕೆ ಸಹಿ ಹಾಕಿದಾಗ ಒಳಗೆ ಇನ್ನೊಂದು ಫೋಲ್ಡರ್ ಸೇರುತ್ತದೆ. ಎಕ್ಸ್‌ಟೆನ್ಷನ್‌ನ ಪ್ರತಿ ಫೈಲಿನ ಗಣಿತದ ಗುರುತು ಅದರಲ್ಲಿರುತ್ತದೆ. ಆ ಪಟ್ಟಿಗೆ ಮೊಝಿಲ್ಲಾದ ಗುಟ್ಟಿನ ಕೀಲಿಯಿಂದ ಮುದ್ರೆ ಬಿದ್ದಿರುತ್ತದೆ. ಆಮೇಲೆ ಯಾರಾದರೂ ಒಳಗಿನ ಒಂದೇ ಒಂದು ಅಕ್ಷರ ಬದಲಿಸಿದರೂ ಲೆಕ್ಕ ತಾಳೆಯಾಗುವುದಿಲ್ಲ. ಬ್ರೌಸರ್ ಅದನ್ನು ಹಿಡಿದುಬಿಡುತ್ತದೆ.

ಲಕೋಟೆಯ ಮೇಲಿನ ಅರಗಿನ ಮುದ್ರೆ ಇದ್ದ ಹಾಗೆ ಇದು. ದಾರಿಯಲ್ಲಿ ಯಾರೂ ಒಡೆದಿಲ್ಲ ಅಂತ ಮುದ್ರೆ ಹೇಳುತ್ತದೆ. ಒಳಗಿನ ಪತ್ರ ಒಳ್ಳೆಯದೋ ಕೆಟ್ಟದ್ದೋ ಅಂತ ಅದು ಹೇಳುವುದಿಲ್ಲ. ಈ ಒಂದು ವಿಷಯ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೊದಲು ಇಷ್ಟು ಬಿಗಿ ಇರಲಿಲ್ಲ. ಯಾವುದೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡರೆ ಅದರ ಜೊತೆ ಕೇಳದೆಯೇ ಒಂದು ಟೂಲ್‌ಬಾರ್ ಬಂದು ಕೂರುತ್ತಿತ್ತು. ಹುಡುಕಾಟದ ಪುಟವೇ ಬದಲಾಗುತ್ತಿತ್ತು. ತೆಗೆದರೂ ಮತ್ತೆ ಬರುತ್ತಿತ್ತು. ಆ ಕಾಟ ತಾಳಲಾರದೆ ಬ್ರೌಸರ್‌ನವರು ಬಾಗಿಲು ಹಾಕುತ್ತ ಬಂದರು. ವಿಂಡೋಸ್‌ನಲ್ಲಿ ಕ್ರೋಮ್ 2014ರಿಂದ ತನ್ನದೇ ಆನ್‌ಲೈನ್ ಅಂಗಡಿಯ ಎಕ್ಸ್‌ಟೆನ್ಷನ್ ಮಾತ್ರ ಒಪ್ಪತೊಡಗಿತು. ಫೈರ್‌ಫಾಕ್ಸ್ 2015ರಲ್ಲಿ 40ನೇ ಆವೃತ್ತಿಯಲ್ಲಿ ಸಹಿಯಿಲ್ಲದವುಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. 43ನೇ ಆವೃತ್ತಿಯಲ್ಲಿ ತಡೆಯಿತು. 2016ರಲ್ಲಿ 48ನೇ ಆವೃತ್ತಿ ಬಂದಾಗ, ಸಾಮಾನ್ಯ ಫೈರ್‌ಫಾಕ್ಸ್‌ನಲ್ಲಿ ಈ ತಡೆ ತೆಗೆಯುವ ಅವಕಾಶವನ್ನೂ ಇಲ್ಲವಾಗಿಸಿತು.

ಬಹುಪಾಲು ಜನರಿಗೆ ಇದರಿಂದ ಒಳ್ಳೆಯದೇ ಆಯಿತು. ಆದರೂ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ನನ್ನ ಕಂಪ್ಯೂಟರ್‌ನಲ್ಲಿ ನಾನು ಬರೆದ ಹತ್ತು ಸಾಲಿನ ಪ್ರೋಗ್ರಾಂ ಓಡಿಸಲು ಇನ್ನೊಬ್ಬರ ಮುದ್ರೆ ಯಾಕೆ ಬೇಕು? ಈ ಪ್ರಶ್ನೆ ಸುಮ್ನೆ ತಕರಾರು ಅಲ್ಲ. 2019ರ ಮೇ 4ರಂದು ಏನಾಯಿತು ಕೇಳಿ.

ಎಕ್ಸ್‌ಟೆನ್ಷನ್‌ಗಳ ಸಹಿಯನ್ನು ತಾಳೆ ನೋಡಲು ಮೊಝಿಲ್ಲಾ ಬಳಸುತ್ತಿದ್ದ ಒಂದು ಪ್ರಮಾಣಪತ್ರದ ಅವಧಿ ಅಂದು ಮುಗಿಯಿತು. ಅದನ್ನು ಯಾರೂ ಸಮಯಕ್ಕೆ ಸರಿಯಾಗಿ ಬದಲಿಸಿರಲಿಲ್ಲ. ಪ್ರಪಂಚದ ಎಲ್ಲ ಕಡೆ ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್‌ಗಳು ಒಂದಾದ ಮೇಲೊಂದು ನಿಂತುಹೋದವು. ಜಾಹೀರಾತು ತಡೆಯುವವು, ಪಾಸ್‌ವರ್ಡ್ ನೆನಪಿಡುವವು, ಎಲ್ಲವೂ. ಅವುಗಳಲ್ಲಿ ಯಾವ ದೋಷವೂ ಇರಲಿಲ್ಲ. ಟಾರ್ ಬ್ರೌಸರ್ ಬಳಸುವವರಿಗೆ ಇನ್ನೂ ದೊಡ್ಡ ಪೆಟ್ಟು. ತಮ್ಮ ಗುರುತು ಬಚ್ಚಿಟ್ಟುಕೊಳ್ಳಲೆಂದೇ ಅವರು ಅದನ್ನು ಬಳಸುತ್ತಾರೆ. ಅವರನ್ನು ಕಾಯುತ್ತಿದ್ದ ನೋಸ್ಕ್ರಿಪ್ಟ್ ಎಂಬ ಎಕ್ಸ್‌ಟೆನ್ಷನ್ ಕೂಡ ನಿಂತುಹೋಯಿತು. ಕೊನೆಗೆ ಟಾರ್‌ನವರೇ ಒಂದು ಉಪಾಯ ಹೇಳಿದರು. ಸದ್ಯಕ್ಕೆ ಸಹಿ ಪರೀಕ್ಷೆಯನ್ನೇ ಆಫ್ ಮಾಡಿ, ಸರಿಯಾದ ಆವೃತ್ತಿ ಬಂದ ಮೇಲೆ ಮರೆಯದೆ ಆನ್ ಮಾಡಿ ಎಂದರು. ಕಾಯಲೆಂದು ಇಟ್ಟ ವ್ಯವಸ್ಥೆಯೇ ಕಾವಲನ್ನು ಕಿತ್ತುಹಾಕಿತ್ತು. ಮೊಝಿಲ್ಲಾ ಮರುದಿನವೇ 66.0.4 ಆವೃತ್ತಿ ತಂದು ಸರಿಪಡಿಸಿತು, ನಿಜ. ಆದರೆ ಎಲ್ಲರ ಬ್ರೌಸರ್‌ನ ಕೀಲಿಯೂ ಒಂದೇ ಕಡೆ ಇದ್ದರೆ ಏನಾಗಬಹುದು ಅನ್ನುವುದು ಅಂದು ಗೊತ್ತಾಯಿತು.

ಅತ್ತ, ಸಹಿ ಇದ್ದ ಮಾತ್ರಕ್ಕೆ ನಂಬಬಹುದೇ ಅಂದರೆ ಅದೂ ಇಲ್ಲ. ಕ್ರೋಮ್‌ನಲ್ಲಿ ಗ್ರೇಟ್ ಸಸ್ಪೆಂಡರ್ ಎಂಬ ಎಕ್ಸ್‌ಟೆನ್ಷನ್ ಇತ್ತು. ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿತ್ತು. ಲಕ್ಷಾಂತರ ಜನ ಬಳಸುತ್ತಿದ್ದರು. 2020ರಲ್ಲಿ ಅದನ್ನು ಬರೆದವರು ಬೇರೆಯವರ ಕೈಗೆ ಒಪ್ಪಿಸಿದರು. 2021ರ ಫೆಬ್ರವರಿಯಲ್ಲಿ, ಅದರಲ್ಲಿ ಕೆಟ್ಟ ಕೋಡ್ ಇದೆ ಎಂದು ಗೂಗಲ್ ಅದನ್ನು ತೆಗೆದುಹಾಕಿತು. ಅದು ಅಂಗಡಿಯಿಂದಲೇ, ಎಲ್ಲ ಮುದ್ರೆಯೊಂದಿಗೇ ಜನರ ಕಂಪ್ಯೂಟರ್ ಸೇರಿತ್ತು.

ಈಗ ದಾರಿಗಳಿಗೆ ಬರೋಣ. ನೀವೇ ಬರೆದ ಎಕ್ಸ್‌ಟೆನ್ಷನ್ ಪರೀಕ್ಷಿಸಬೇಕು ಅಷ್ಟೇ ಅಂದರೆ, ಫೈರ್‌ಫಾಕ್ಸ್ ವಿಳಾಸದ ಪಟ್ಟಿಯಲ್ಲಿ ಅಬೌಟ್ ಕೋಲನ್ ಡೀಬಗಿಂಗ್ ಎಂದು ಬರೆಯಿರಿ. ಅಲ್ಲಿ ಎಡಗಡೆ ಈ ಫೈರ್‌ಫಾಕ್ಸ್ ಎಂಬುದನ್ನು ಆರಿಸಿದರೆ ತಾತ್ಕಾಲಿಕವಾಗಿ ಎಕ್ಸ್‌ಟೆನ್ಷನ್ ಹಾಕುವ ಬಟನ್ ಸಿಗುತ್ತದೆ. ಸಹಿ ಬೇಡ. ಬ್ರೌಸರ್ ಮುಚ್ಚಿ ತೆರೆದರೆ ಅದು ಹೋಗಿರುತ್ತದೆ. ಹಾಗೆ ಹೋಗುವುದೇ ಒಳ್ಳೆಯದು ಅಂತ ನನಗನಿಸುತ್ತದೆ.

ಖಾಯಂ ಬೇಕು ಅಂದರೆ? ಬಹಳ ಜನ ನೇರವಾಗಿ ಅಬೌಟ್ ಕೋಲನ್ ಕಾನ್ಫಿಗ್ ಎಂಬ ಒಳ ಸೆಟ್ಟಿಂಗ್‌ಗಳ ಪುಟಕ್ಕೆ ಹೋಗುತ್ತಾರೆ. ಎಕ್ಸ್‌ಪಿಇನ್‌ಸ್ಟಾಲ್ ಡಾಟ್ ಸಿಗ್ನೇಚರ್ಸ್ ಡಾಟ್ ರಿಕ್ವೈರ್ಡ್ ಎಂಬ ಸಾಲು ಹುಡುಕಿ ಫಾಲ್ಸ್ ಮಾಡುತ್ತಾರೆ. ಮೊಝಿಲ್ಲಾ ಕೊಡುವ ಮಾಮೂಲಿ ಫೈರ್‌ಫಾಕ್ಸ್‌ನಲ್ಲಿ ಇದರಿಂದ ಏನೂ ಆಗುವುದಿಲ್ಲ. ಪ್ರೋಗ್ರಾಂ ಬರೆಯುವವರಿಗೆಂದು ಇರುವ ಡೆವಲಪರ್ ಎಡಿಷನ್, ಪರೀಕ್ಷೆಗೆಂದು ಬರುವ ನೈಟ್ಲಿ, ಕಚೇರಿಗಳಿಗೆಂದು ಕೊಡುವ ಇಎಸ್‌ಆರ್, ಇಂಥ ಆವೃತ್ತಿಗಳಲ್ಲಿ ಮಾತ್ರ ಇದು ಕೆಲಸ ಮಾಡುತ್ತದೆ. ಅಲ್ಲೂ ಒಂದು ತೊಂದರೆ ಇದೆ. ನೀವು ಪರೀಕ್ಷೆ ನಿಲ್ಲಿಸಿದ್ದು ನಿಮ್ಮ ಒಂದು ಎಕ್ಸ್‌ಟೆನ್ಷನ್‌ಗೆ ಮಾತ್ರ ಅಲ್ಲ, ಆ ಪ್ರೊಫೈಲ್‌ನಲ್ಲಿ, ಅಂದರೆ ಬ್ರೌಸರ್ ನಿಮ್ಮ ಸೆಟ್ಟಿಂಗ್, ಎಕ್ಸ್‌ಟೆನ್ಷನ್ ಎಲ್ಲ ಇಟ್ಟುಕೊಳ್ಳುವ ಕಡೆ, ಇರುವ ಎಲ್ಲದಕ್ಕೂ. ಹಾಗೆ ಮಾಡಲೇಬೇಕಾದರೆ ಅದಕ್ಕೆಂದೇ ಬೇರೆ ಪ್ರೊಫೈಲ್ ಮಾಡಿಕೊಳ್ಳಿ. ಬ್ಯಾಂಕ್, ಇಮೇಲ್ ಆ ಪ್ರೊಫೈಲ್‌ನಲ್ಲಿ ತೆರೆಯಬೇಡಿ.

ಇದಕ್ಕಿಂತ ಒಳ್ಳೆಯ ದಾರಿ ಇದೆ, ಯಾಕೋ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಎಕ್ಸ್‌ಟೆನ್ಷನ್ ಅನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸದೆಯೂ ಮೊಝಿಲ್ಲಾದಿಂದ ಸಹಿ ಪಡೆಯಬಹುದು. ಒಂದು ಖಾತೆ ತೆರೆದು, ನಾನೇ ಹಂಚಿಕೊಳ್ಳುತ್ತೇನೆ ಅನ್ನುವ ಆಯ್ಕೆ ಆರಿಸಿ, ಫೈಲು ಕಳಿಸಬೇಕು. ಹಣ ಕೊಡಬೇಕಾಗಿಲ್ಲ. ಯಂತ್ರವೇ ಪರೀಕ್ಷಿಸಿ ಸಹಿ ಹಾಕಿ ಕೊಡುತ್ತದೆ. ಎರಡು ವಿಷಯ ಗಮನದಲ್ಲಿರಲಿ. ಕೋಡ್ ಬದಲಿಸಿದಾಗಲೆಲ್ಲ ಆವೃತ್ತಿಯ ಸಂಖ್ಯೆಯನ್ನೂ ಬದಲಿಸಬೇಕು. ಬೇರೆಯವರ ಎಕ್ಸ್‌ಟೆನ್ಷನ್ ತಿದ್ದಿ ಬಳಸುತ್ತಿದ್ದರೆ ಅದನ್ನು ಗುರುತಿಸುವ ಐಡಿಯನ್ನು ತೆಗೆದು ನಿಮ್ಮದೇ ಬೇರೆ ಐಡಿ ಕೊಡಬೇಕು, ಇಲ್ಲದಿದ್ದರೆ ಸಹಿ ಸಿಗುವುದಿಲ್ಲ.

ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಪುಟದಲ್ಲಿ ಡೆವಲಪರ್ ಮೋಡ್ ಆನ್ ಮಾಡಿ ಇಡೀ ಫೋಲ್ಡರ್ ಅನ್ನೇ ಲೋಡ್ ಮಾಡಬಹುದು. ಅದು ಮುಚ್ಚಿದರೂ ಹೋಗುವುದಿಲ್ಲ, ಆದರೆ ತಾನಾಗಿ ಅಪ್‌ಡೇಟ್ ಆಗುವುದೂ ಇಲ್ಲ. ಸಫಾರಿಯಲ್ಲಿ ಸಹಿಯಿಲ್ಲದವನ್ನು ಅನುಮತಿಸುವ ಆಯ್ಕೆ ಇದೆ, ಬ್ರೌಸರ್ ಮುಚ್ಚಿದಾಗ ಅದು ತಾನೇ ಆಫ್ ಆಗುತ್ತದೆ.

ಡೆವಲಪರ್ ಮೋಡ್ ಬಗ್ಗೆ ಒಂದು ಮಾತು ಒತ್ತಿ ಹೇಳಲೇಬೇಕು. ಯಾರೋ ಫೋನ್ ಮಾಡಿ ಅಥವಾ ಮೆಸೇಜ್ ಕಳಿಸಿ, ಈ ಜಿಪ್ ಬಿಚ್ಚಿ, ಡೆವಲಪರ್ ಮೋಡ್ ಆನ್ ಮಾಡಿ, ಫೋಲ್ಡರ್ ಲೋಡ್ ಮಾಡಿ ಅಂದರೆ ಅಲ್ಲೇ ನಿಲ್ಲಿಸಿ. ನಿಮಗೆ ಬೇಕಾಗಿ ನೀವು ಹಾಕುವುದು ಬೇರೆ, ಇನ್ನೊಬ್ಬರಿಗೆ ಬೇಕಾಗಿ ಹಾಕಿಕೊಳ್ಳುವುದು ಬೇರೆ ಅಲ್ವಾ?

ಮೂಲ ಗೊತ್ತಿದ್ದು ಹಾಕುವುದೇ ಆದರೆ ಮೊದಲು ಫೋಲ್ಡರ್ ತೆರೆಯಿರಿ. ಎಕ್ಸ್‌ಟೆನ್ಷನ್‌ನ ವಿವರ, ಅದು ಕೇಳುವ ಅನುಮತಿ ಎಲ್ಲ ಬರೆದಿರುವ ಮ್ಯಾನಿಫೆಸ್ಟ್ ಡಾಟ್ ಜೇಸನ್ ಎಂಬ ಫೈಲನ್ನು ಯಾವುದೇ ಸಾದಾ ಎಡಿಟರ್‌ನಲ್ಲಿ ಓದಬಹುದು. ಪರ್ಮಿಷನ್ಸ್ ಅನ್ನುವ ಪದ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ನೋಡಿ. ಹೋಸ್ಟ್ ಪರ್ಮಿಷನ್ಸ್ ಎಂದೂ ಇರುತ್ತದೆ. ಯಾವ ತಾಣಗಳ ಪುಟದೊಳಗೆ ತನ್ನ ಕೋಡ್ ಓಡಿಸುತ್ತದೆ ಎಂದು ಹೇಳುವ ಕಂಟೆಂಟ್ ಸ್ಕ್ರಿಪ್ಟ್ಸ್ ಎಂಬ ಭಾಗವನ್ನೂ ಬಿಡಬೇಡಿ. ಒಂದೇ ತಾಣದ ಬಣ್ಣ ಬದಲಿಸುವ ಎಕ್ಸ್‌ಟೆನ್ಷನ್‌ಗೆ ಆ ಒಂದು ತಾಣದ ವಿಳಾಸ ಸಾಕು. ಅಲ್ಲಿ ಆಲ್ ಅಂಡರ್‌ಸ್ಕೋರ್ ಯುಆರ್‌ಎಲ್ಸ್ ಎಂದಿದ್ದರೆ, ನೀವು ತೆರೆಯುವ ಹೆಚ್ಚುಕಡಿಮೆ ಎಲ್ಲ ಪುಟವನ್ನೂ ಓದುವ, ಬದಲಿಸುವ ಅಧಿಕಾರ ಕೇಳುತ್ತಿದೆ ಎಂದರ್ಥ. ಕುಕೀಸ್, ಹಿಸ್ಟರಿ ಎಂಬ ಪದಗಳೂ ಇದ್ದರೆ, ಬಣ್ಣ ಬದಲಿಸಲು ಅವು ಯಾಕೆ ಬೇಕು ಅಂತ ಬರೆದವರನ್ನು ಕೇಳಿ. ಉತ್ತರ ಬರುವವರೆಗೆ ಹಾಕಬೇಡಿ.

ನಮಸ್ಕಾರ.